ಕಟ್ಟುಪಾಡೂ ಕಾದಂಬರಿಯೂ

ಸಮಾಜಶಾಸ್ತ್ರವನ್ನು ಹೊಸದಾಗಿ ಅಭ್ಯಾಸಮಾಡತೊಡಗುವವರಿಗೆ ಮೊದಲಲ್ಲಿಯೇ ನಾಲ್ಕು ಮಾತುಗಳ ಪರಿಚಯವಾಗುವುದು: ಗುಂಪು, ಸಂಸ್ಥೆ, ಕಟ್ಟು ಮೀರುವಿಕೆ, ಅಸಮಾನತೆ. ಪಠ್ಯಪುಸ್ತಕಗಳಲ್ಲಿ ಈ ನಾಲ್ಕಕ್ಕೂ ನಾಲ್ಕು ಬೇರೆ ಬೇರೆ ಅಧ್ಯಾಯಗಳುಂಟು. ಒಂದೊಂದಕ್ಕೂ ಒಂದು ಲಕ್ಷಣ, ಒಂದು ವಿಂಗಡಣೆ, ಹೊರನಾಡುಗಳಿಂದ ತಂದ ಒಂದೆರಡು ದೃಷ್ಟಾಂತ. ವಿದ್ಯಾರ್ಥಿಯು ಲಕ್ಷಣವನ್ನು ಬಾಯಿಪಾಠಮಾಡಿ, ಪರೀಕ್ಷೆಯ ದಿನ ಒಪ್ಪಿಸಿ, ಮಾರನೆಯ ದಿನ ಮರೆತುಬಿಡುವನು. ತನ್ನ ಊರಿನಲ್ಲಿಯೇ ಒಬ್ಬನ ಮನೆಗೆ ನೀರು ಬೆಂಕಿ ಕೊಡಕೂಡದೆಂದು ಹಿರಿಯರು ಕಟ್ಟುಮಾಡಿದಾಗ ನಾಲ್ಕು ಅಧ್ಯಾಯಗಳೂ ಒಂದೇ ಜಗಲಿಯ ಮೇಲೆ ಒಟ್ಟಿಗೆ ಕುಳಿತಿದ್ದುವೆಂಬುದು ಅವನಿಗೆ ಹೊಳೆಯುವುದೇ ಇಲ್ಲ. ಶಾಸ್ತ್ರವು ಬಿಡಿಸಿಟ್ಟುದನ್ನು ಜೀವನವು ಹೆಣೆದಿರುವುದು. ಹೆಣೆದ ರೂಪದಲ್ಲಿಯೇ ಅದನ್ನು ಕಾಣಬೇಕಾದರೆ ಕಾದಂಬರಿಗಳತ್ತ ತಿರುಗಬೇಕಾಗುತ್ತದೆ.

ಕನ್ನಡ ಕಾದಂಬರಿಗೆ ಈ ವಿಷಯವು ಹೊಸದಲ್ಲ. ೧೮೯೯ರಲ್ಲಿ ಪ್ರಕಟವಾದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'ಯು ನಮ್ಮ ಭಾಷೆಯ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದುದು. ವಿಧವೆಯ ಮರುಮದುವೆಯೂ ಅದಕ್ಕೆ ಅಡ್ಡಬರುವ ಸ್ವಜನರ ಕೋಪವೂ ಅಲ್ಲಿಯ ಕಥಾವಸ್ತು. ಆದರೆ ಅಲ್ಲಿ ಕಟ್ಟು ಮೀರುವ ತರುಣನು ಹೊಸ ವಿದ್ಯೆಯನ್ನು ಕಲಿತು, ಸರ್ಕಾರದ ಅಧಿಕಾರವನ್ನು ಪಡೆದವನು. ಅವನ ಬೆನ್ನಿಗೆ ಊರಿನ ಹೊರಗಣ ಒಂದು ಬಲವುಂಟು. ಆದಕಾರಣ ಸುಧಾರಣೆಯ ಜಯವು ಗ್ರಂಥದ ನಡುವಿನಲ್ಲಿಯೇ ಹೆಚ್ಚು ಕಡಮೆ ನಿಶ್ಚಯವಾಗಿಬಿಡುವುದು. ಅಂಥ ಬಲವಿಲ್ಲದವನು ಕಟ್ಟು ಮೀರಹೊರಟರೆ ಏನಾದೀತೆಂಬ ಪ್ರಶ್ನೆಯು ಆ ಗ್ರಂಥದ ಆವರಣಕ್ಕೆ ಹೊರಗಿನದು.

ಆ ಪ್ರಶ್ನೆಯನ್ನು ಬೇರೆ ಬೇರೆ ಕಡೆಯಿಂದ ಹಿಡಿದವು ಎರಡು ಕೃತಿಗಳು: ೧೯೩೩ರಲ್ಲಿ ಬಂದ ಶಿವರಾಮ ಕಾರಂತರ 'ಚೋಮನ ದುಡಿ', ೧೯೬೫ರಲ್ಲಿ ಬಂದ ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ'. ಎರಡಕ್ಕೂ ಓದುಗರ ಕೊರತೆಯಾಗಿಲ್ಲ. ವಿಮರ್ಶೆಯ ಕೊರತೆಯೂ ಆಗಿಲ್ಲ. ಆದರೆ ಸಾಮಾನ್ಯವಾಗಿ ಮೊದಲನೆಯದನ್ನು ಕರುಣರಸಕ್ಕಾಗಿಯೂ ಎರಡನೆಯದನ್ನು ಒಬ್ಬ ಪಂಡಿತನ ಅಂತರಂಗದ ತುಮುಲಕ್ಕಾಗಿಯೂ ಓದುವ ರೂಢಿಯು ಬಿದ್ದುಹೋಗಿದೆ. ಹೀಗೆ ಓದಿದಾಗ ಚೋಮನು ಕೇವಲ ದುಃಖಿಯಾಗಿಯೂ ದೂರ್ವಾಸಪುರದ ಅಗ್ರಹಾರವು ಕೇವಲ ಹಿನ್ನೆಲೆಯ ಪರದೆಯಾಗಿಯೂ ಉಳಿದುಬಿಡುವುದುಂಟು. ಎರಡನ್ನೂ ಜೊತೆಯಲ್ಲಿರಿಸಿ ನೋಡಿದವರಿಗೆ ಬೇರೊಂದು ಸಂಗತಿಯು ಗೋಚರಿಸುವುದು. ಊರಿನಲ್ಲಿ ಭೂಮಿಯು ಹೇಗೆ ಅಸಮವಾಗಿ ಹಂಚಿಹೋಗಿದೆಯೋ, ಕಟ್ಟು ಮೀರುವ ಶಕ್ತಿಯೂ ಹಾಗೆಯೇ ಅಸಮವಾಗಿ ಹಂಚಿಹೋಗಿದೆ. ಒಬ್ಬನು ಎಲ್ಲ ಕಟ್ಟುಗಳನ್ನೂ ಮುರಿದು ತನ್ನ ಮನೆಯಲ್ಲಿಯೇ ಬಾಳಬಲ್ಲನು. ಇನ್ನೊಬ್ಬನಿಗೆ ಒಂದು ಆಸೆಪಟ್ಟದ್ದೇ ಅಪರಾಧವಾಗುವುದು.

ಚೋಮನ ಆಸೆಯಾದರೂ ಎಂಥದು? ಅವನು ದಕ್ಷಿಣಕನ್ನಡ ಜಿಲ್ಲೆಯ ಒಂದು ಹಳ್ಳಿಯ ಜೀತದಾಳು. ಸಂಕಪ್ಪಯ್ಯನೆಂಬ ಧಣಿಯ ಒಕ್ಕಲು. ಊರವರ ಕಣ್ಣಿಗೆ ಅಸ್ಪೃಶ್ಯ. ಕಾಡಿನಲ್ಲಿ ದಿಕ್ಕು ತಪ್ಪಿ ಅಲೆಯುತ್ತಿದ್ದ ಎರಡು ಕರುಗಳನ್ನು ತಂದು ಸಾಕಿ ಎತ್ತುಗಳನ್ನಾಗಿ ಮಾಡಿಕೊಂಡಿರುವನು. ಅವನ್ನು ನೊಗಕ್ಕೆ ಹೂಡಿ, ತುಂಡು ನೆಲವನ್ನು ಗೇಣಿಗೆ ಹಿಡಿದು ತಾನೂ ಬೇಸಾಯಮಾಡಬೇಕೆಂಬುದಷ್ಟೇ ಅವನ ಬಯಕೆ. ಇದರಲ್ಲಿ ಕಳ್ಳತನವಿಲ್ಲ, ಸುಳ್ಳಿಲ್ಲ, ಯಾರ ಮೈಮೇಲೂ ಕೈಮಾಡುವುದಿಲ್ಲ. ಬೇಸಾಯವೆಂದರೆ ಊರೆಲ್ಲ ಕೈಮುಗಿಯುವ ಕೆಲಸ; ನೇಗಿಲು ಹಿಡಿದವನಿಗೆ ಊರಿನಲ್ಲಿ ಮರ್ಯಾದೆಯುಂಟು. ಆ ಮರ್ಯಾದೆಯನ್ನು ಕಂಡೇ ಚೋಮನು ಅದನ್ನು ಬಯಸಿದನು. ಊರು ತಾನೇ ಎತ್ತರದಲ್ಲಿರಿಸಿದ ವಸ್ತುವನ್ನು ಅವನು ಆಶಿಸಿದನು. ಅದನ್ನು ಮುಟ್ಟುವ ಏಣಿಯನ್ನು ಮಾತ್ರ ಊರು ಅವನ ಜಾತಿಗೆ ಕೊಟ್ಟಿರಲಿಲ್ಲ.

ಅಮೆರಿಕದ ರಾಬರ್ಟ್ ಮರ್ಟನ್ ಎಂಬ ವಿದ್ವಾಂಸನು ೧೯೩೮ರಲ್ಲಿ ಒಂದು ಪ್ರಬಂಧವನ್ನು ಬರೆದು, ಸಮಾಜವು ಎಲ್ಲರ ಮುಂದೆಯೂ ಒಂದೇ ಗುರಿಯನ್ನಿಟ್ಟು, ಗುರಿಯನ್ನು ಸೇರುವ ನ್ಯಾಯವಾದ ದಾರಿಯನ್ನು ಕೆಲವರಿಗೆ ಮಾತ್ರ ತೆರೆದಿಟ್ಟಾಗ ಕಟ್ಟು ಮೀರುವಿಕೆಯು ಹುಟ್ಟುವುದೆಂದು ವಾದಿಸಿದನು. ಅಂಥ ಇಕ್ಕಟ್ಟಿಗೆ ಸಿಕ್ಕಿದವರಲ್ಲಿ ಕೆಲವರು ಅಡ್ಡದಾರಿ ಹಿಡಿಯುವರು, ಕೆಲವರು ದಂಗೆಯೇಳುವರು, ಮತ್ತೆ ಕೆಲವರು ಗುರಿಯನ್ನೂ ದಾರಿಯನ್ನೂ ಕೈಬಿಟ್ಟು ಕುಡಿತದಂಥ ಮರೆವಿನೊಳಗೆ ಅಡಗುವರೆಂದು ಅವನು ವಿಂಗಡಿಸಿದನು. ಪುತ್ತೂರಿನ ಕಡೆಯ ಬದುಕನ್ನು ಕಂಡು ಕಾರಂತರು ಬರೆದ ಕಾದಂಬರಿಯು ಅದಕ್ಕಿಂತ ಐದು ವರ್ಷ ಹಿಂದಿನದು. ಶಾಸ್ತ್ರಜ್ಞನು ಬೇರೆ ಬೇರೆ ಮನುಷ್ಯರಿಗೆಂದು ಹಂಚಿಕೊಟ್ಟ ಮಾರ್ಗಗಳಲ್ಲಿ ಚೋಮನೊಬ್ಬನೇ ಒಂದಾದಮೇಲೊಂದರಂತೆ ನಡೆಯುವನು. ಧಣಿಯ ಅಂಗಳದಲ್ಲಿ ನಿಂತು ಬೇಡುವುದು ಮೊದಲನೆಯದು. ಹೆಂಡವೂ ದುಡಿಯೂ ನಡುವಿನವು. ಕೊನೆಗೆ ಎತ್ತುಗಳನ್ನು ಕಾಡಿಗಟ್ಟಿ ಬಾಗಿಲು ಮುಚ್ಚಿಕೊಳ್ಳುವನು. ಒಂದೇ ಜೀವವು ಹೀಗೆ ಹಲವು ದಾರಿಗಳನ್ನು ತುಳಿಯುವುದೆಂಬುದನ್ನು ಪಟ್ಟಿಯಲ್ಲಿ ತೋರಿಸುವುದು ಕಷ್ಟ.

ಧಣಿ ಸಂಕಪ್ಪಯ್ಯನ ಚಿತ್ರಣದಲ್ಲಿ ಕಾರಂತರ ನಿಷ್ಪಕ್ಷಪಾತವು ವಿಶೇಷವಾಗಿ ಮೆಚ್ಚತಕ್ಕದ್ದು. ಅವನನ್ನು ಕ್ರೂರಿಯಾಗಿ ಬರೆದಿದ್ದರೆ ಕಥೆಯು ಸುಲಭವಾಗುತ್ತಿತ್ತು. ವಾಚಕರು ಅವನೊಬ್ಬನನ್ನು ಶಪಿಸಿ ಪುಸ್ತಕವನ್ನು ಮುಚ್ಚಿಡುತ್ತಿದ್ದರು. ಆದರೆ ಅವನ ಮನಸ್ಸು ಸ್ವಲ್ಪಮಟ್ಟಿಗೆ ಕರಗುವಂಥದೇ. ಮನೆಯಲ್ಲಿ ವೃದ್ಧೆಯಾದ ತಾಯಿಯು ಒಪ್ಪಳು; ನಡೆದುಬಂದ ರೂಢಿಯನ್ನು ಮುರಿದರೆ ನಾಲ್ಕು ಜನ ಏನೆಂದಾರು ಎಂಬ ಭಯವು ಬೇರೆ. ಭೂಮಿಯುಳ್ಳವನೂ ತನ್ನ ಗುಂಪಿನ ಕೈಸೆರೆಯೇ. ಚೋಮನ ಕೈ ಹಗ್ಗದಿಂದ ಕಟ್ಟಿದ್ದಾದರೆ ಇವನದು ರೇಷ್ಮೆಯ ದಾರದಿಂದ ಕಟ್ಟಿದ್ದು, ಬಿಚ್ಚಿಕೊಳ್ಳಬೇಕೆಂದಿದ್ದರೆ ಬಿಚ್ಚಿಕೊಳ್ಳಬಹುದಾಗಿತ್ತು. ಅವನು ಬಿಚ್ಚಿಕೊಳ್ಳಲಿಲ್ಲ. ಅಸಮಾನತೆಯು ದುಷ್ಟರ ಕೈಯಿಂದಲೇ ನಡೆಯುವುದೆಂದು ಬಗೆದವರಿಗೆ ಈ ಪಾತ್ರವು ಒಳ್ಳೆಯ ಉತ್ತರವಾಗಿದೆ.

ಇನ್ನು ದೂರ್ವಾಸಪುರ. ಅಲ್ಲಿಯ ನಾರಣಪ್ಪನು ಚೋಮನಂತೆ ಒಂದು ಆಸೆಯನ್ನು ಮಾತ್ರ ಹೊತ್ತವನಲ್ಲ. ಮಾಧ್ವ ಬ್ರಾಹ್ಮಣರ ಅಗ್ರಹಾರದ ನಡುವೆ ಅವನು ಮದ್ಯಮಾಂಸಗಳನ್ನು ಸೇವಿಸುವನು; ಕೈಹಿಡಿದವಳನ್ನು ಬಿಟ್ಟು ಚಂದ್ರಿಯನ್ನು ಮನೆಯಲ್ಲಿರಿಸಿಕೊಂಡಿರುವನು; ಸಾಲಿಗ್ರಾಮವನ್ನು ಹೊಳೆಗೆಸೆಯುವನು; ಮುಸಲ್ಮಾನ ಗೆಳೆಯರೊಡನೆ ದೇವಸ್ಥಾನದ ಕೊಳದ ಮೀನನ್ನು ಹಿಡಿಯುವನು; ಊರಿನ ತರುಣರನ್ನು ತನ್ನ ದಾರಿಗೆಳೆಯುವನು. ಅಗ್ರಹಾರದ ಕಟ್ಟುಗಳಲ್ಲಿ ಅವನು ಮುರಿಯದೆ ಉಳಿಸಿದುದು ಒಂದಾದರೂ ಉಂಟೇ ಎಂಬುದೇ ಸಂದೇಹ. ಇಷ್ಟಾದರೂ ಅವನು ತನ್ನ ಮನೆಯಲ್ಲಿಯೇ, ತನ್ನ ತೋಟದ ಫಲವನ್ನುಣ್ಣುತ್ತ, ಸಾಯುವ ದಿನದವರೆಗೂ ಬಾಳಿದನು. ಅವನಿಗೆ ಬಹಿಷ್ಕಾರವಾಗಲಿಲ್ಲ. ಬಹಿಷ್ಕಾರವಾಗದುದರಿಂದಲೇ ಅವನ ಹೆಣವು ಬ್ರಾಹ್ಮಣನ ಹೆಣವಾಗಿ ಉಳಿದು, ಅದರ ಸಂಸ್ಕಾರವನ್ನು ಯಾರು ಮಾಡಬೇಕೆಂಬ ಇಕ್ಕಟ್ಟು ಹುಟ್ಟಿತು. ಕಾದಂಬರಿಯ ಇಡೀ ಕಟ್ಟಡವು ನಿಂತಿರುವುದು ಈ ಒಂದು ಲೋಪದ ಮೇಲೆ: ಮಾಡಬೇಕಾಗಿದ್ದ ಒಂದು ಬಹಿಷ್ಕಾರವನ್ನು ಗುಂಪು ಮಾಡದೆ ಬಿಟ್ಟಿತು.

ಏಕೆ ಬಿಟ್ಟಿತು? ಪ್ರಾಣೇಶಾಚಾರ್ಯರ ಕರುಣೆಯು ಒಂದು ಕಾರಣ. ಅವನನ್ನು ದಾರಿಗೆ ತರುವೆನೆಂಬ ಹಟವೂ ಅವರಿಗಿತ್ತು. ಆದರೆ ಉಳಿದವರನ್ನು ತಡೆದುದು ನಾರಣಪ್ಪನ ಒಂದೇ ಮಾತು. ಬಹಿಷ್ಕಾರ ಹಾಕಿದರೆ ತಾನು ಮುಸಲ್ಮಾನನಾಗಿಬಿಡುವೆನೆಂದು ಅವನು ಬೆದರಿಸಿದ್ದನು. ಹಾಗಾದರೆ ಅಗ್ರಹಾರದ ನಡುಮನೆಯಲ್ಲಿಯೇ ಅನ್ಯಮತದವನೊಬ್ಬನು ನೆಲೆಸಿದಂತಾಗಿ, ಕೆಡುವುದು ಅವನ ಜಾತಿಯಲ್ಲ, ಅಗ್ರಹಾರವೇ. ಹೊರಗೆ ಹಾಕುವೆವೆಂಬುದು ಗುಂಪಿನ ಅಸ್ತ್ರ. ಹೊರಗೆ ಹೋಗುವೆನೆಂಬುದು ಇವನ ಪ್ರತ್ಯಸ್ತ್ರ. ಮನೆ, ತೋಟ, ಬಂಗಾರ ಇವೆಲ್ಲ ಕೈಯಲ್ಲಿದ್ದವನ ಬಾಯಲ್ಲಿ ಮಾತ್ರ ಆ ಮಾತಿಗೆ ತೂಕವಿರುವುದು.

ಫ್ರಾನ್ಸಿನ ಎಮಿಲ್ ದುರ್ಖೈಮನು ೧೮೯೫ರ ತನ್ನ ಗ್ರಂಥದಲ್ಲಿ, ಸಂತರೇ ತುಂಬಿದ ಮಠವೊಂದನ್ನು ಊಹಿಸಿಕೊಳ್ಳಲು ಹೇಳಿದನು. ಅಲ್ಲಿ ಕೊಲೆ ಸುಲಿಗೆಗಳಿರವು. ಆದರೆ ಹೊರಗಿನವರು ಗಮನಿಸದಂಥ ಸಣ್ಣ ಲೋಪಗಳೇ ಅಲ್ಲಿ ದೊಡ್ಡ ಅಪವಾದಗಳಾಗುವುವು. ಕಟ್ಟು ಎಷ್ಟು ಬಿಗಿಯೋ ಅಪರಾಧವು ಅಷ್ಟು ಸೂಕ್ಷ್ಮ. ಅಗ್ರಹಾರವು ಈ ದೃಷ್ಟಾಂತಕ್ಕೆ ಬಲು ಹತ್ತಿರವಾದುದು. ಮಡಿ ಮೈಲಿಗೆಗಳ ಲೆಕ್ಕದಲ್ಲಿ ಹಗಲನ್ನು ಕಳೆಯುವ ಆ ಜನಕ್ಕೆ ಹೆಣವು ಮನೆಯಲ್ಲಿರುವವರೆಗೆ ಊಟವಿಲ್ಲ. ಹಸಿವು ಏರಿದಂತೆ ಧರ್ಮಸೂಕ್ಷ್ಮದ ಚರ್ಚೆಯೂ ಏರುವುದು. ಶಾಸ್ತ್ರಗ್ರಂಥಗಳಲ್ಲಿ ಉತ್ತರವಿಲ್ಲ, ಪ್ರಾಣೇಶಾಚಾರ್ಯರು ಮಾರುತಿಯ ಗುಡಿಯಲ್ಲಿ ಹೂವಿನ ಪ್ರಸಾದಕ್ಕಾಗಿ ಕಾದರೂ ದೇವರು ಬಲಕ್ಕೂ ಕೊಡುವುದಿಲ್ಲ, ಎಡಕ್ಕೂ ಕೊಡುವುದಿಲ್ಲ. ನೆರೆಯ ಪಾರಿಜಾತಪುರದ ಸ್ಮಾರ್ತರನ್ನು ಕೇಳಿದ್ದಾಯಿತು. ಮಠದ ಗುರುಗಳವರೆಗೂ ಹೋದದ್ದಾಯಿತು. ಹತ್ತಾರು ಮನೆಗಳ ಗುಂಪು ತನ್ನಿಂದಾಗದ ತೀರ್ಮಾನವನ್ನು ಮೇಲಣ ಸಂಸ್ಥೆಗೆ ಹೊರಿಸುವ ಈ ಪ್ರಯಾಣವನ್ನು ಅನಂತಮೂರ್ತಿಯವರು ಬಹಳ ಚುರುಕಾಗಿ ಬರೆದಿದ್ದಾರೆ. ಅತ್ತ ಇಲಿಗಳು ಬಿದ್ದು ಸಾಯುತ್ತಿರುವುವು. ಇತ್ತ ಬ್ರಾಹ್ಮಣರು ಊರಿಂದೂರಿಗೆ ನಡೆಯುತ್ತಿರುವರು.

ಇದಕ್ಕೆ ಸರಿಯಾಗಿ ಹೋವರ್ಡ್ ಬೆಕರ್ ಎಂಬ ಮತ್ತೊಬ್ಬ ಅಮೆರಿಕದ ಸಮಾಜಶಾಸ್ತ್ರಜ್ಞನು 'ಸಂಸ್ಕಾರ'ಕ್ಕೆ ಎರಡು ವರ್ಷ ಮುಂಚೆ, ೧೯೬೩ರಲ್ಲಿ, ಹೊಸದೊಂದು ವಾದವನ್ನು ಮುಂದಿಟ್ಟಿದ್ದನು. ಕಟ್ಟು ಮೀರುವಿಕೆಯೆಂಬುದು ಮಾಡಿದ ಕೆಲಸದ ಗುಣವಲ್ಲ, ಆ ಕೆಲಸಕ್ಕೆ ಇತರರು ನಿಯಮವನ್ನು ತಗುಲಿಸಿದುದರ ಫಲ. ಒಂದೇ ಕೆಲಸವನ್ನು ಇಬ್ಬರು ಮಾಡಿ ಒಬ್ಬನಿಗೆ ಮಾತ್ರ ಹೆಸರು ಬರಬಹುದು, ಗುಟ್ಟಾಗಿ ಮೀರಿದವನಿಗೆ ಹೆಸರೇ ಬಾರದಿರಬಹುದು ಎಂಬುದು ಅದರ ಸಾರ. ದೂರ್ವಾಸಪುರದಲ್ಲಿ ಇದು ಮನೆಮನೆಗೂ ಅನ್ವಯಿಸುವುದು. ಚಂದ್ರಿಯು ತನ್ನ ಮೈಮೇಲಿನ ಒಡವೆಗಳನ್ನು ಬಿಚ್ಚಿ ಶವಸಂಸ್ಕಾರದ ವೆಚ್ಚಕ್ಕೆಂದು ಆಚಾರ್ಯರ ಮುಂದಿಟ್ಟ ಕ್ಷಣದಿಂದ, ಈ ಹೆಣ ನಮಗೆ ಬೇಡವೆನ್ನುತ್ತಿದ್ದ ಗರುಡಾಚಾರ್ಯ ಲಕ್ಷ್ಮಣಾಚಾರ್ಯರಿಗೆ ಅದು ಬೇಕಾಗುವುದು. ಶ್ರೀಪತಿಯು ಕತ್ತಲಲ್ಲಿ ಬೆಳ್ಳಿಯನ್ನರಸಿ ಹೋಗುವನು. ಯಾರಿಗೂ ತಿಳಿಯದುದರಿಂದ ಅವನು ಶುದ್ಧನು. ನಾರಣಪ್ಪನ ನಿಜವಾದ ತಪ್ಪು ಹಗಲಿನಲ್ಲಿ ಮಾಡಿದುದೇ.

ಕಾದಂಬರಿಯ ಉತ್ತರಾರ್ಧವು ಇದೇ ಪ್ರಶ್ನೆಯನ್ನು ಪ್ರಾಣೇಶಾಚಾರ್ಯರ ಎದೆಗೆ ತಿರುಗಿಸುವುದು. ಕಾಡಿನಲ್ಲಿ ಚಂದ್ರಿಯೊಡನೆ ಒಂದು ರಾತ್ರಿ ಕಳೆದಮೇಲೆ ಅವರೂ ಗುಟ್ಟಾಗಿ ಮೀರಿದವರ ಸಾಲಿಗೆ ಸೇರಿದರು. ಜನಕ್ಕೆ ತಿಳಿಯದಿದ್ದರೆ ತಾನು ಹಿಂದಿನವನೇ ಅಲ್ಲವೇ? ಹೇಳಿಬಿಟ್ಟರೆ ಯಾರಾಗುವೆನು? ಮೇಳಿಗೆಯ ತೇರಿನ ಜಂಗುಳಿಯಲ್ಲಿ, ಮಾಲೇರ ಪುಟ್ಟನ ಸಂಗಡ, ಹೆಂಡತಿ ಸತ್ತ ಸೂತಕದಲ್ಲಿಯೇ ದೇವಸ್ಥಾನದ ಪಂಕ್ತಿಗೆ ಕುಳಿತಾಗ ಯಾರು ಗುರುತು ಹಿಡಿದಾರೋ ಎಂದು ಅವರು ಪಡುವ ಭಯವು ಕನ್ನಡ ಗದ್ಯದ ಅತ್ಯುತ್ತಮ ಪುಟಗಳಲ್ಲಿ ಸೇರತಕ್ಕದ್ದು. ಆದರೆ ಇಲ್ಲಿ ಒಂದು ಆಕ್ಷೇಪವನ್ನೂ ಹೇಳದೆ ವಿಧಿಯಿಲ್ಲ. ಗುಂಪನ್ನು ಅಷ್ಟು ಹತ್ತಿರದಿಂದ ತೋರಿಸಿದ ಕಾದಂಬರಿಯು ಈ ಘಟ್ಟದಿಂದ ಗುಂಪನ್ನು ಕೈಬಿಡುವುದು. ಅಗ್ರಹಾರದವರ ಪಾಲಿಗೆ ಹೊಟ್ಟೆಬಾಕತನವೂ ಅರ್ಥಲೋಭವೂ ಮಾತ್ರ ಉಳಿದು, ಸಂಶಯವೂ ವಿವೇಚನೆಯೂ ಆಚಾರ್ಯರೊಬ್ಬರ ಸ್ವತ್ತಾಗುವುವು. ಅಷ್ಟು ಮನೆಗಳಲ್ಲಿ ಯೋಚಿಸುವವನು ಇನ್ನೊಬ್ಬನಿಲ್ಲವೆಂಬುದು ನಂಬಲರ್ಹವಾದುದಲ್ಲ. ಕಾರಂತರು ಸಂಕಪ್ಪಯ್ಯನಿಗೆ ತೋರಿದ ನ್ಯಾಯವನ್ನು ಅನಂತಮೂರ್ತಿಯವರು ಗರುಡಾಚಾರ್ಯನಿಗೆ ತೋರಲಿಲ್ಲ.

ಈಗ ಎರಡು ಕಥೆಗಳಿಗೂ ಸಾಮಾನ್ಯವಾದ ಒಂದು ಬಾಗಿಲನ್ನು ನೋಡಬೇಕು. ಅದು ಮತಾಂತರದ ಬಾಗಿಲು. ನಾರಣಪ್ಪನು ಅದನ್ನು ತೋರಿಸಿಯೇ ಗೆದ್ದನು. ದಾಟಬೇಕಾದ ಪ್ರಸಂಗವೇ ಅವನಿಗೆ ಬರಲಿಲ್ಲ. ಚೋಮನಿಗೂ ಆ ಬಾಗಿಲು ತೆರೆದಿತ್ತು. ಪಾದ್ರಿಗಳ ಮತಕ್ಕೆ ಸೇರಿದರೆ ಬೇಸಾಯಕ್ಕೆ ನೆಲ ದೊರೆಯುವುದು. ಹಿರಿಯರ ಊರು ಜನ್ಮಪೂರ್ತಿ ಕೊಡದುದನ್ನು ಹೊರಗಿನವರು ಒಂದು ದಿನದಲ್ಲಿ ಕೊಡಬಲ್ಲರು. ಮಗ ಗುರುವನು ಕ್ರೈಸ್ತ ಹುಡುಗಿಯನ್ನು ಕೂಡಿಕೊಂಡು ಆಗಲೇ ಆ ಕಡೆಗೆ ಹೋಗಿಯೂ ಇದ್ದನು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕಳೆದುಕೊಂಡ ಚೋಮನು ಕಡೆಗೊಮ್ಮೆ ಮನಸ್ಸು ಗಟ್ಟಿಮಾಡಿ ಹೊರಡುವನು. ದಾರಿಯಲ್ಲಿ ಪಂಜುರ್ಲಿಯ ಸ್ಥಾನವು ಎದುರಾಗುವುದು. ಅಲ್ಲಿಂದ ಅವನು ಹಿಂತಿರುಗುವನು.

ಈ ಹಿಂತಿರುಗುವಿಕೆಯನ್ನು ಅಜ್ಞಾನವೆಂದು ತಳ್ಳಿಬಿಡುವವರುಂಟು. ಅದು ಆತುರದ ಓದು. ಧಣಿಯ ಊರು ಚೋಮನನ್ನು ಹೊರಗಿರಿಸಿದೆಯೆಂಬುದು ನಿಜ; ಆದರೆ ಅವನಿಗೆ ತನ್ನದೇ ಆದ ಇನ್ನೊಂದು ಗುಂಪುಂಟು. ಗುಡಿಸಲಿನ ಮಕ್ಕಳು, ಕೇರಿಯ ನೆಂಟರು, ಸತ್ತ ಹಿರಿಯರು, ದುಡಿಯ ಧ್ವನಿ, ಕಾಯುವ ದೈವ ಇವೆಲ್ಲ ಸೇರಿ ಆದ ಗುಂಪು ಅದು. ಅದರೊಳಗೆ ಅವನು ಅಸ್ಪೃಶ್ಯನಲ್ಲ, ಚೋಮ. ಮೇಲಿನ ಗುಂಪಿನ ಕಟ್ಟನ್ನು ಮುರಿಯಬೇಕಾದರೆ ಈ ಕೆಳಗಿನ ಗುಂಪನ್ನೇ ತೆತ್ತು ಹೋಗಬೇಕೆಂಬುದು ಅವನ ಮುಂದಿಟ್ಟ ಬೆಲೆ. ಸಾಲಿಗ್ರಾಮವನ್ನು ಹೊಳೆಗೆಸೆದ ನಾರಣಪ್ಪನ ಕೈ ನಡುಗಲಿಲ್ಲ. ಪಂಜುರ್ಲಿಯ ಮುಂದೆ ಚೋಮನ ಕಾಲು ನಡುಗಿತು. ಇವನಿಗೆ ಉಳಿದಿದ್ದುದು ಅದೊಂದೇ ಆಗಿತ್ತು.

ಇಲ್ಲಿ ಕಾಯಿದೆಯ ಮಾತನ್ನೂ ನೆನೆಯಬಹುದು. ಜಾತಿ ಹೋದುದರಿಂದಾಗಲಿ ಮತ ಬದಲಿಸಿದುದರಿಂದಾಗಲಿ ಒಬ್ಬನ ಆಸ್ತಿಯ ಹಕ್ಕು ನಷ್ಟವಾಗದೆಂದು ಬ್ರಿಟಿಷ್ ಇಂಡಿಯದಲ್ಲಿ ೧೮೫೦ರಲ್ಲಿಯೇ ಶಾಸನವಾಗಿತ್ತು. ಚೋಮನ ಜಿಲ್ಲೆಯು ಸೇರಿದ್ದ ಮದರಾಸು ಪ್ರಾಂತದಲ್ಲಿಯೂ ಅದು ಜಾರಿಯಲ್ಲಿತ್ತು. ಆಸ್ತಿಯುಳ್ಳವನಿಗೆ ಅದು ದೊಡ್ಡ ರಕ್ಷೆ. ಏನೂ ಇಲ್ಲದವನಿಗೆ ಉಳಿಸಿಕೊಡಲು ಅದರಲ್ಲಿ ಏನೂ ಇರಲಿಲ್ಲ. ಮುಂದೆ ೧೯೪೯ರಲ್ಲಿ ಮುಂಬಯಿ ಪ್ರಾಂತವು ಬಹಿಷ್ಕಾರವನ್ನೇ ನಿಷೇಧಿಸುವ ಕಾಯಿದೆಯನ್ನು ಮಾಡಿತು. ಆಗ ಧಾರವಾಡ, ಬೆಳಗಾಂವಿ, ಬಿಜಾಪುರ, ಕಾರವಾರಗಳೂ ಆ ಪ್ರಾಂತದಲ್ಲಿಯೇ ಇದ್ದುವು. ದಾವೂದಿ ಬೋಹ್ರಾ ಪಂಗಡದ ಗುರುಗಳು ಅದನ್ನು ಪ್ರಶ್ನಿಸಲಾಗಿ, ಮತಸ್ವಾತಂತ್ರ್ಯಕ್ಕೆ ಅದು ವಿರುದ್ಧವೆಂದು ೧೯೬೨ರಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ಗುಂಪಿನ ಹಕ್ಕು, ಗುಂಪಿನೊಳಗಣ ಒಬ್ಬನ ಹಕ್ಕು, ಇವೆರಡರ ನಡುವೆ ನ್ಯಾಯಾಸನಕ್ಕೂ ತೊಡಕು ತಪ್ಪಲಿಲ್ಲ. 'ಸಂಸ್ಕಾರ'ವು ಹೊರಬಂದುದು ಆ ತೀರ್ಪಿನ ಮೂರನೆಯ ವರ್ಷದಲ್ಲಿ.

ಸಂಸ್ಥೆಯೆಂಬ ಮಾತನ್ನು ಮಠಕ್ಕೆ ಮಾತ್ರ ಸಲ್ಲಿಸಿ ಬಿಡುವುದು ಸರಿಯಾಗದು. 'ಚೋಮನ ದುಡಿ'ಯಲ್ಲಿ ಘಟ್ಟದ ಮೇಲಿನ ಕಾಫಿ ತೋಟವೊಂದುಂಟು. ಊರಿನಲ್ಲಿ ಚೋಮನ ಬಂಧನವು ಜಾತಿಯಿಂದಾದುದು, ಹೆಸರು ಹಿಡಿದು ಕರೆಯುವ ಬಂಧನ. ತೋಟದಲ್ಲಿ ಅದು ಲೆಕ್ಕದ ಪುಸ್ತಕದಲ್ಲಿ ಬರೆದ ಒಂದು ಮೊತ್ತ. ಜರ್ಮನಿಯ ಮ್ಯಾಕ್ಸ್ ವೇಬರನು ಈ ಕಾಲದ ಸಂಸ್ಥೆಗಳಿಗೆ ಕಡತವನ್ನೂ ಗುಮಾಸ್ತನನ್ನೂ ಲಕ್ಷಣವಾಗಿ ಹೇಳಿ, ಅಲ್ಲಿ ವ್ಯಕ್ತಿಯ ಮುಖ ನೋಡದೆ ನಿಯಮದಂತೆ ಕೆಲಸ ನಡೆಯುವುದೆಂದನು. ತೋಟದ ರೈಟರ್ ಮನ್ವೇಲನು ಪುಸ್ತಕವನ್ನು ಹಿಡಿದೇ ಬರುವನು. ಆದರೆ ಪುಸ್ತಕವು ಮುಖ ನೋಡದಿದ್ದರೂ ಪುಸ್ತಕ ಬರೆಯುವವನು ನೋಡುವನು. ಚನಿಯ ಗುರುವರು ದುಡಿದರೂ ತೀರದ ಸಾಲವು, ಚನಿಯನು ಕಾಯಿಲೆಯಿಂದ ಸತ್ತರೂ ತೀರದ ಸಾಲವು, ಬೆಳ್ಳಿಯ ಮಾನವನ್ನು ತೆಗೆದುಕೊಂಡಾಗ ಒಂದು ಗೆರೆಯಿಂದ ತೀರಿಹೋಗುವುದು. ಆ ಗೆರೆಯನ್ನು ಯಾವ ನಿಯಮವು ಎಳೆಯಿತು? ಕಾರಂತರು ಇದನ್ನು ಉದ್ಗಾರವಿಲ್ಲದೆ ಹೇಳಿಬಿಡುವರು. ಸಾಲ ತೀರಿತೆಂದು ಮಗಳು ಬಂದು ತಿಳಿಸುವಾಗ ತಂದೆಗೆ ಒಳಗಿನ ಸಂಗತಿ ಗೊತ್ತಿಲ್ಲ. ಗೊತ್ತಾದ ದಿನ ಅವನು ಹೊಡೆದು ಹೊರದೂಡುವುದು ಮಗಳನ್ನು. ಊರಿನಿಂದ ಹೊರಗಾದವನೂ ತನ್ನ ಗುಡಿಸಲಿನಲ್ಲಿ ಒಬ್ಬಳನ್ನು ಹೊರಗೆ ಹಾಕಬಲ್ಲನು.

ಬೆಳ್ಳಿ ಎಂಬ ಹೆಸರೇ 'ಸಂಸ್ಕಾರ'ದಲ್ಲಿಯೂ ಕೇರಿಯ ಹುಡುಗಿಗೆ ಬಂದಿದೆ. ಬೇಕೆಂದು ಮಾಡಿದುದೋ ಆಕಸ್ಮಿಕವೋ, ಅಂತೂ ಹೋಲಿಸಿ ನೋಡತಕ್ಕದ್ದು. ಚೋಮನ ಬೆಳ್ಳಿಗೆ ಮನೆಯ ಭಾರವುಂಟು, ತಮ್ಮಂದಿರ ಮೇಲಣ ಅಕ್ಕರೆಯುಂಟು, ಮಾತು ಮೌನ ಎರಡೂ ಉಂಟು. ದೂರ್ವಾಸಪುರದ ಬೆಳ್ಳಿಗೆ ಚೆಲುವಾದ ಮೈಯೊಂದುಂಟು. ಪಿಡುಗಿನಲ್ಲಿ ಅಗ್ರಹಾರದ ಒಬ್ಬನ ಹೆಣಕ್ಕಾಗಿ ಊರೂರು ಅಲೆಯುತ್ತಿರುವಾಗ, ಅತ್ತ ಕೇರಿಯಲ್ಲಿ ಸತ್ತವರನ್ನು ಗುಡಿಸಲಿನ ಸಮೇತವಾಗಿ ಸುಟ್ಟುಬಿಡುವರು. ಆ ಬೆಂಕಿಯ ಮುಂದೆ ಯಾವ ಶಾಸ್ತ್ರವನ್ನೂ ಯಾರೂ ತೆರೆಯುವುದಿಲ್ಲ. ಕಾದಂಬರಿಯು ಇದನ್ನು ಕಂಡಿದೆ, ಕಂಡು ಮುಂದಕ್ಕೆ ಸಾಗಿದೆ. ಚಂದ್ರಿಯ ವಿಷಯದಲ್ಲಿ ಅದು ಹೆಚ್ಚು ಉದಾರವಾದುದು. ಪಂಡಿತರು ಉತ್ತರಕ್ಕಾಗಿ ಕಾಯುತ್ತಿರುವಾಗ ಅವಳು ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ರಾತ್ರಿಯಲ್ಲಿ ಹೆಣವನ್ನು ಸುಟ್ಟು ಮುಗಿಸಿಬಿಡುವಳು. ಅಗ್ರಹಾರಕ್ಕೆ ಇದು ತಿಳಿಯದು. ಇಲ್ಲದ ಹೆಣದ ಸಂಸ್ಕಾರಕ್ಕಾಗಿ ವಿದ್ವಾಂಸರು ಚರ್ಚೆಯನ್ನು ಮುಂದುವರಿಸುವರು.

ಎರಡೂ ಕೃತಿಗಳು ಚಲಚ್ಚಿತ್ರಗಳಾದುವು. ಪಟ್ಟಾಭಿರಾಮರೆಡ್ಡಿಯವರ 'ಸಂಸ್ಕಾರ'ಕ್ಕೆ ಸೆನ್ಸಾರಿನವರು ಮೊದಲು ಅನುಮತಿ ಕೊಡಲಿಲ್ಲ; ಬಿಡುಗಡೆಯಾದ ಮೇಲೆ ೧೯೭೦ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯು ಅದಕ್ಕೇ ಬಂದಿತು. ತಪ್ಪು ಕೆಲಸದಲ್ಲಿದೆಯೋ ಹೆಸರಿಡುವವರಲ್ಲಿದೆಯೋ ಎಂಬ ಬೆಕರನ ಪ್ರಶ್ನೆಗೆ ಇದೂ ಒಂದು ಉದಾಹರಣೆ. ಬಿ. ವಿ. ಕಾರಂತರ 'ಚೋಮನ ದುಡಿ'ಯು ೧೯೭೫ರದು. ಅದೂ ಅದೇ ಪ್ರಶಸ್ತಿಯನ್ನು ಪಡೆಯಿತು. ಜೀತವನ್ನು ರದ್ದುಗೊಳಿಸುವ ಕೇಂದ್ರ ಸರ್ಕಾರದ ಸುಗ್ರೀವಾಜ್ಞೆಯು ಹೊರಟುದೂ ಆ ವರ್ಷದಲ್ಲಿಯೇ. ಅದಕ್ಕೆ ಮುಂಚಿನ ವರ್ಷ ಕರ್ನಾಟಕದಲ್ಲಿ ಗೇಣಿಯನ್ನು ತೊಡೆದು ಉಳುವವನಿಗೆ ನೆಲವನ್ನು ಕೊಡುವ ಭೂಸುಧಾರಣೆಯು ಆರಂಭವಾಗಿತ್ತು. ಚೋಮನು ಗೇಣಿದಾರನೂ ಆಗಲಾರದೆ ಹೋದವನು; ಅವನಂಥವರ ಪಾಲಿಗೆ ಆ ಕಾಯಿದೆಯಿಂದ ಬಂದುದು ಅಲ್ಪವೇ.

ಊರಿನ ಗುಂಪುಗಳನ್ನು ಶಾಸ್ತ್ರದ ಕಣ್ಣಿನಿಂದ ನೋಡಿದ ಕನ್ನಡ ನಾಡಿನವರಲ್ಲಿ ಎಂ. ಎನ್. ಶ್ರೀನಿವಾಸರು ಅಗ್ರಗಣ್ಯರು. ೧೯೪೮ರಲ್ಲಿ ಅವರು ಮೈಸೂರಿನ ಬಳಿಯ ಒಂದು ಹಳ್ಳಿಯಲ್ಲಿ ನೆಲೆಸಿ, ರಾಂಪುರವೆಂಬ ಮರೆಹೆಸರಿನಿಂದ ಅದನ್ನು ವರ್ಣಿಸಿದರು. ಸಂಖ್ಯೆ, ಭೂಮಿ, ಅಧಿಕಾರಗಳಿಂದ ಊರನ್ನಾಳುವ ಪಂಗಡಕ್ಕೆ ಪ್ರಬಲ ಜ್ಞಾತಿಯೆಂಬ ಪರಿಭಾಷೆಯನ್ನು ಕೊಟ್ಟವರೂ ಅವರೇ. ೧೯೭೦ರಲ್ಲಿ ಅಮೆರಿಕದಲ್ಲಿದ್ದಾಗ ಬೆಂಕಿಗೆ ಸಿಕ್ಕಿ ಅವರ ಟಿಪ್ಪಣಿಗಳು ಸುಟ್ಟುಹೋಗಲು, ನೆನಪಿನಿಂದಲೇ ಬರೆದ ಗ್ರಂಥವು ೧೯೭೬ರಲ್ಲಿ ಹೊರಬಂದಿತು. ಅದರಲ್ಲಿ ಕಾದಂಬರಿಯ ಗುಣವಿದ್ದರೆ ಆಶ್ಚರ್ಯವಿಲ್ಲ. ತಾವು ಊರಿನ ಮುಖಂಡನ ಆಶ್ರಯದಲ್ಲಿದ್ದುದರಿಂದ ಹರಿಜನರ ಕೇರಿಯೊಡನೆ ಬಳಕೆಯು ಕಡಮೆಯಾಯಿತೆಂಬುದನ್ನು ಅವರು ಮುಚ್ಚಿಡಲಿಲ್ಲ. ಜಗಲಿಯ ಮೇಲೆ ಕುಳಿತವನಿಗೆ ಗುಂಪಿನ ಒಳಗು ಚೆನ್ನಾಗಿ ಕಾಣುವುದು. ಅಂಗಳದಾಚೆಯಲ್ಲಿ ನಿಂತವನಿಗೆ ಅದು ಹೇಗೆ ಕಾಣುವುದೆಂಬುದು ಜಗಲಿಗೆ ತಿಳಿಯದು. ಶ್ರೀನಿವಾಸರಿಗೆ ಈ ಮಾತು ಸಲ್ಲುವಂತೆ ಕಾರಂತರಿಗೂ ಅನಂತಮೂರ್ತಿಯವರಿಗೂ ಸಲ್ಲುವುದು.

ಆಚೆಯಿಂದ ಬರೆದವರು ದೇವನೂರ ಮಹಾದೇವರು. ಅವರ 'ಒಡಲಾಳ'ದಲ್ಲಿ ಕಳೆದುಹೋದ ತನ್ನ ಹುಂಜವನ್ನು ಹುಡುಕುವ ಸಾಕವ್ವನೆಂಬ ಮುದುಕಿಯುಂಟು. ಆ ಮನೆಗೆ ಒಂದು ರಾತ್ರಿ ಕದ್ದು ತಂದ ಕಡಲೆಕಾಯಿಯ ಮೂಟೆಯು ಬರುವುದು. ಕಾಯಿದೆಯ ಪುಸ್ತಕದಲ್ಲಿ ಅದು ಕಳವು. ಆದರೆ ಗ್ರಂಥಕರ್ತರು ಕಳವಿನ ಮಾತನ್ನೆತ್ತಿ ವಾದಿಸಲು ಹೋಗುವುದಿಲ್ಲ, ಕ್ಷಮೆಯನ್ನೂ ಬೇಡುವುದಿಲ್ಲ. ಒಲೆಯ ಸುತ್ತ ಮಕ್ಕಳು, ದೊಡ್ಡವರು, ಹಗಲೆಲ್ಲ ಒಬ್ಬರೊಡನೊಬ್ಬರು ಜಗಳವಾಡಿದವರು ಕುಳಿತು, ಹೊಟ್ಟೆ ತುಂಬುವವರೆಗೆ ತಿನ್ನುವುದನ್ನು ಮಾತ್ರ ತೋರಿಸುವರು. ಒಂದು ಮನೆಯು ಗುಂಪಾಗುವುದು ಹೇಗೆಂಬುದನ್ನು ಇಷ್ಟು ಹತ್ತಿರದಿಂದ ಕಂಡ ಪುಟಗಳು ಕನ್ನಡದಲ್ಲಿ ವಿರಳ. ಚೋಮನು ಬೇಡಿ ಪಡೆಯಲಾರದುದನ್ನು ಇವರು ಬೇಡದೆ ತಂದಿದ್ದಾರೆ. ಯಾರ ಅಂಗಳದಲ್ಲಿಯೂ ನಿಂತಿಲ್ಲ. ಬೆಳಗಾದಾಗ ಶೋಧನೆಗಾಗಿ ಪೋಲೀಸಿನವರು ಬರುವರು. ಮನೆಯಲ್ಲಿ ಮೂಟೆಯಿರುವುದಿಲ್ಲ, ಕಾಯಿಯಿರುವುದಿಲ್ಲ, ಸಿಪ್ಪೆಯೂ ಒಲೆಗೆ ಬಿದ್ದು ಬೂದಿಯಾಗಿರುವುದು.